ಲೇಸರ್ ಡಯೋಡ್ ನಡೆದು ಬಂದ ದಾರಿ ಮತ್ತು ಬ್ಯಾಟರಿಯ ಲೆಕ್ಕ

ಜಾತ್ರೆಯ ಅಂಗಡಿಗಳಲ್ಲಿ ಕೀ ಬಂಚಿನ ಜೊತೆ ನೇತುಹಾಕಿರುವ ಕೆಂಪು ಲೇಸರ್ ಟಾರ್ಚು, ಕಂಪ್ಯೂಟರಿನಲ್ಲಿ ಡಿವಿಡಿ ಓದುವ ಪೆಟ್ಟಿಗೆ, ಗ್ರಾಮ ಪಂಚಾಯಿತಿ ಕಚೇರಿಗೆ ಇಂಟರ್ನೆಟ್ ತಂದುಕೊಟ್ಟ ಗಾಜಿನ ಎಳೆ. ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರರ ಒಳಗೂ ದುಡಿಯುತ್ತಿರುವುದು ಒಂದೇ ಜಾತಿಯ ವಸ್ತು. ಅದೇ ಲೇಸರ್ ಡಯೋಡ್. ಅದರ ಒಳಗಿನ ಹರಳು ರಾಗಿ ಕಾಳಿಗಿಂತಲೂ ಚಿಕ್ಕದು. ಮಾಮೂಲಿ ಕೋಣೆಯ ಬಿಸಿಯಲ್ಲಿ ನಿಲ್ಲದೆ ಬೆಳಗಬಲ್ಲ ಲೇಸರ್ ಡಯೋಡಿಗೆ ಹೆಚ್ಚು ಕಡಿಮೆ ನಮ್ಮ ಶಾಲೆಯದೇ ವಯಸ್ಸು. ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅದರ ಚರಿತ್ರೆಗೂ ಒಂದಿಷ್ಟು ಜಾಗ ಸಲ್ಲುತ್ತದೆ ಎಂದು ನನ್ನ ಭಾವನೆ.

ಈ ಚರಿತ್ರೆ ಬರೆಯಲು ಇನ್ನೊಂದು ಕಾರಣವೂ ಇದೆ. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಹೈಸ್ಕೂಲು ಮಕ್ಕಳು ಮಾಡುವ ಮಾದರಿಗಳಲ್ಲಿ ಲೇಸರ್ ಕಳ್ಳಗಂಟೆ ಒಂದು ಇದ್ದೇ ಇರುತ್ತದೆ. ಬಾಗಿಲಿಗೆ ಅಡ್ಡಲಾಗಿ ಲೇಸರ್ ಕಿರಣ ಹಾಯಿಸುವುದು, ಯಾರಾದರೂ ದಾಟಿದರೆ ಗಂಟೆ ಬಾರಿಸುವುದು. ಇದಕ್ಕಾಗಿ ಮಕ್ಕಳು ಟಾರ್ಚು ಬಿಚ್ಚಿ, ಒಳಗಿನ ಡಯೋಡನ್ನು ಬೇರೆ ಬ್ಯಾಟರಿಗೆ ಜೋಡಿಸುತ್ತಾರೆ. ಒಮ್ಮೆ ಫಳ್ಳನೆ ಹೊಳೆಯುತ್ತದೆ, ಆಮೇಲೆ ಮಂಕು. ಆಗ ಎಲ್ಲರೂ ಕೇಳುವ ಪ್ರಶ್ನೆ, "ಇದಕ್ಕೆ ಎಷ್ಟು ವೋಲ್ಟಿನ ಬ್ಯಾಟರಿ ಹಾಕಬೇಕಿತ್ತು?" ಕೇಳಬೇಕಾದದ್ದು ಅದಲ್ಲ. "ಇದರ ಮೂಲಕ ಎಷ್ಟು ಮಿಲಿಆಂಪಿಯರ್ ಹರಿಯಬೇಕು?" ಎಂದು ಮೊದಲು ಕೇಳಬೇಕು, ಬ್ಯಾಟರಿಯ ಮಾತು ಆಮೇಲೆ. ಲೇಸರ್ ಡಯೋಡಿನ ಇಡೀ ಇತಿಹಾಸ ವಿದ್ಯುತ್ ಪ್ರವಾಹವನ್ನು ಹಿಡಿತಕ್ಕೆ ತಂದ ಇತಿಹಾಸವೇ. ಅದನ್ನು ತಿಳಿದವರಿಗೆ ಬ್ಯಾಟರಿಯ ಲೆಕ್ಕ ಕಷ್ಟವಲ್ಲ.

ಹೈಸ್ಕೂಲು ಮೇಷ್ಟ್ರು ಹಾಕಿದ ಬುನಾದಿ

ಕಥೆ ಶುರುವಾಗುವುದು ಲೇಸರಿನಿಂದಲ್ಲ, ನಾವೆಲ್ಲ ಹತ್ತನೇ ತರಗತಿಯಲ್ಲಿ ಓದಿದ ಓಮ್‌ನ ನಿಯಮದಿಂದ. ಗೆಯೋರ್ಗ್ ಓಮ್ ಜರ್ಮನಿಯವರು, ಬೀಗ ಮಾಡುವವರ ಮಗ. 1820ರ ದಶಕದಲ್ಲಿ ಕಲೋನ್ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟ್ರಾಗಿದ್ದರು. ತಮ್ಮ ಪ್ರಯೋಗಗಳನ್ನು ಮಾಡಿದ್ದೂ ಆ ಶಾಲೆಯ ಪ್ರಯೋಗಾಲಯದಲ್ಲೇ. ಅವರಿಗೆ ಮೊದಲು ಎದುರಾದ ತೊಂದರೆ ಬ್ಯಾಟರಿಯದು. ಆ ಕಾಲದ ವೋಲ್ಟಾ ಬ್ಯಾಟರಿ ಒಂದೇ ಸಮ ನಿಲ್ಲುತ್ತಿರಲಿಲ್ಲ. ಜೋಡಿಸಿದ ಕೂಡಲೇ ಹೆಚ್ಚು, ಸ್ವಲ್ಪ ಹೊತ್ತಿಗೆ ಕಡಿಮೆ. ಕೊನೆಗೆ ಅವರು ಬ್ಯಾಟರಿ ಬಿಟ್ಟು, ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿದ್ಯುತ್ತನ್ನು ಪಡೆದರು. 1827ರಲ್ಲಿ ಅವರ ಪುಸ್ತಕ ಹೊರಬಂತು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ ಎಂಬುದು ಅಂದಿನಿಂದ ಇಂದಿನವರೆಗೆ ಮಕ್ಕಳು ಕಲಿಯುತ್ತಿರುವ ಪಾಠ.

ಬ್ಯಾಟರಿಯ ವೋಲ್ಟೇಜನ್ನು ಪೂರ್ತಿ ನಂಬಬಾರದು ಎಂದು ಓಮ್ ಮೇಷ್ಟ್ರು ಕಂಡುಕೊಂಡಿದ್ದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಮಾಣಿಕ್ಯದಿಂದ ಅರೆವಾಹಕಕ್ಕೆ

ಲೇಸರಿನ ಮೂಲ ತತ್ವವನ್ನು ಐನ್‌ಸ್ಟೈನ್ 1917ರಲ್ಲೇ ಹೇಳಿದ್ದರು. ಶಕ್ತಿ ತುಂಬಿಕೊಂಡು ಕುಳಿತ ಅಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದು ಹೋದರೆ, ಆ ಅಣುವೂ ಅದೇ ಬಣ್ಣದ, ಅದೇ ದಿಕ್ಕಿನ ಇನ್ನೊಂದು ಕಣವನ್ನು ಬಿಟ್ಟುಕೊಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಈ ಬೆಳಕನ್ನು ಎರಡು ಕನ್ನಡಿಗಳ ನಡುವೆ ಓಡಾಡಿಸಿದರೆ ಲೇಸರ್. ಇದನ್ನು ಮೊದಲು ಮಾಡಿ ತೋರಿಸಿದವರು ಅಮೆರಿಕದ ಥಿಯೋಡರ್ ಮೈಮನ್, 1960ರ ಮೇ 16ರಂದು. ಅವರು ಬಳಸಿದ್ದು ಕೃತಕ ಮಾಣಿಕ್ಯದ ಕಡ್ಡಿ ಮತ್ತು ಅದರ ಸುತ್ತ ಸುರುಳಿಯಾಗಿದ್ದ ಕ್ಯಾಮೆರಾ ಫ್ಲಾಶಿನಂಥ ದೀಪ. ಆ ದಿನವನ್ನು ಈಗ ಯುನೆಸ್ಕೊ ಅಂತರರಾಷ್ಟ್ರೀಯ ಬೆಳಕಿನ ದಿನವೆಂದು ಆಚರಿಸುತ್ತದೆ.

ದೀಪ, ಕಡ್ಡಿ ಏನೂ ಇಲ್ಲದೆ ನೇರವಾಗಿ ವಿದ್ಯುತ್ತಿನಿಂದಲೇ ಲೇಸರ್ ಹೊರಡಿಸಲು ಸಾಧ್ಯವೇ? 1962ರ ಜುಲೈನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ, ಎಂಐಟಿಯ ಲಿಂಕನ್ ಪ್ರಯೋಗಾಲಯದವರು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಡಯೋಡ್ ಬಹಳ ದಕ್ಷತೆಯಿಂದ ಅವಕೆಂಪು ಬೆಳಕು ಸೂಸುತ್ತದೆ ಎಂದು ವರದಿ ಮಾಡಿದರು. ಸಭೆಯಲ್ಲಿ ಕುಳಿತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಹಾಲ್ ಊರಿಗೆ ಮರಳುವ ರೈಲಿನಲ್ಲೇ ಲೆಕ್ಕ ಹಾಕಲು ಶುರು ಮಾಡಿದರು. ಡಯೋಡಿನ ಹರಳಿನ ಎರಡು ಮುಖಗಳನ್ನು ಒಂದಕ್ಕೊಂದು ಸಮಾಂತರವಾಗಿ, ಕನ್ನಡಿಯಂತೆ ನಯವಾಗಿ ಉಜ್ಜಬೇಕಿತ್ತು. ಹಾಲ್ ಅವರಿಗೆ ಆ ಕೈಚಳಕ ಮೊದಲೇ ಗೊತ್ತಿತ್ತು, ಎಳೆಯ ವಯಸ್ಸಿನಲ್ಲಿ ಹವ್ಯಾಸಕ್ಕಾಗಿ ದೂರದರ್ಶಕ ಮಾಡಿಕೊಂಡವರು ಅವರು. ಎರಡೇ ತಿಂಗಳಲ್ಲಿ, ಅದೇ ಸೆಪ್ಟೆಂಬರ್‌ನಲ್ಲಿ ಮೊದಲ ಲೇಸರ್ ಡಯೋಡ್ ಬೆಳಗಿತು. ಕೆಲವೇ ವಾರಗಳ ಅಂತರದಲ್ಲಿ ಐಬಿಎಂನ ಮಾರ್ಷಲ್ ನೇಥನ್ ತಂಡ, ಜನರಲ್ ಎಲೆಕ್ಟ್ರಿಕ್‌ನ ಇನ್ನೊಂದು ಕೇಂದ್ರದ ನಿಕ್ ಹೊಲೊನ್ಯಾಕ್ ಮತ್ತು ಲಿಂಕನ್ ಪ್ರಯೋಗಾಲಯದವರೂ ಗೆದ್ದರು. ಇವುಗಳಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕು ಕೊಟ್ಟದ್ದು ಹೊಲೊನ್ಯಾಕ್ ಅವರದು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. 1960ರ ದಶಕದ ಮಧ್ಯದಲ್ಲೇ ಮುಂಬಯಿಯ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಗ್ಯಾಲಿಯಂ ಆರ್ಸೆನೈಡ್ ಲೇಸರ್ ತಯಾರಾಗಿತ್ತು.

ಹದಿನಾಲ್ಕು ಆಂಪಿಯರಿನಿಂದ ಮೂವತ್ತು ಮಿಲಿಆಂಪಿಯರಿಗೆ

ಇಲ್ಲಿ ನಮ್ಮೂರಿನ ಕೆರೆಯನ್ನು ನೆನಪಿಸಿಕೊಳ್ಳಿ. ಮಳೆ ಸುರಿದಷ್ಟೂ ಕೆರೆ ತುಂಬುತ್ತದೆ, ಆದರೆ ಕೋಡಿಯ ಮಟ್ಟ ಮುಟ್ಟುವ ತನಕ ಆಚೆ ಹರಿಯುವುದಿಲ್ಲ. ಮುಟ್ಟಿದ ಮೇಲೆ ಬಿದ್ದ ಮಳೆಯೆಲ್ಲ ಕೋಡಿಯಲ್ಲಿ ಹರಿಯುತ್ತದೆ. ಲೇಸರ್ ಡಯೋಡೂ ಹಾಗೆಯೇ. ಪ್ರವಾಹ ಒಂದು ಮಿತಿ ಮುಟ್ಟುವ ತನಕ ಅದು ಸಾಮಾನ್ಯ ಎಲ್‌ಇಡಿಯಂತೆ ಮಂಕಾಗಿ ಬೆಳಗುತ್ತದೆ. ಮಿತಿ ದಾಟಿದೊಡನೆ ಲೇಸರ್ ಹೊರಡುತ್ತದೆ. ಈ ಮಿತಿಗೆ ಹೊಸ್ತಿಲ ಪ್ರವಾಹ ಎನ್ನಬಹುದು.

ಹಾಲ್ ಅವರ ಡಯೋಡಿನಲ್ಲಿ ಈ ಹೊಸ್ತಿಲು ಚದರ ಸೆಂಟಿಮೀಟರಿಗೆ 8,500 ಆಂಪಿಯರ್. ಹರಳಿನ ಬದಿ ಬರೀ 0.4 ಮಿಲಿಮೀಟರ್ ಇದ್ದದ್ದರಿಂದ ಲೆಕ್ಕಕ್ಕೆ ಬರುವುದು ಸುಮಾರು 14 ಆಂಪಿಯರ್. ಸಾಸಿವೆ ಕಾಳಿಗಿಂತ ಚಿಕ್ಕ ಹರಳಿನಲ್ಲಿ 14 ಆಂಪಿಯರ್! ಅದೂ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತು ಮಿಡಿತ ಮಿಡಿತವಾಗಿ ಹರಿಸಿದಾಗ. ಕೋಣೆಯ ಬಿಸಿಯಲ್ಲಿ ಹೊಸ್ತಿಲು ಹತ್ತಾರು ಸಾವಿರ ಆಂಪಿಯರಿಗೆ ಏರುತ್ತಿತ್ತು. ನಿರಂತರವಾಗಿ ಹರಿಸಿದರೆ ಹರಳು ಸುಟ್ಟೇ ಹೋಗುತ್ತಿತ್ತು. ಅಂದರೆ ಪ್ರಯೋಗಾಲಯದ ಅದ್ಭುತವಾಯಿತೇ ಹೊರತು ಊರಿಗೆ ಉಪಯೋಗಕ್ಕೆ ಬರುವ ವಸ್ತುವಾಗಲಿಲ್ಲ.

ಉಪಾಯ ಹೊಳೆದದ್ದು 1963ರಲ್ಲಿ, ಪರಸ್ಪರ ಪರಿಚಯವಿಲ್ಲದ ಎರಡು ಕಡೆ. ಅಮೆರಿಕದಲ್ಲಿ ಹರ್ಬರ್ಟ್ ಕ್ರೋಮರ್, ಸೋವಿಯತ್ ದೇಶದ ಲೆನಿನ್‌ಗ್ರಾಡಿನಲ್ಲಿ ಝೋರೆಸ್ ಅಲ್ಫೆರೋವ್ ಮತ್ತು ಅವರ ಜೊತೆಗಾರ ಕಜಾರಿನೋವ್. ಗದ್ದೆಯ ಎರಡೂ ಕಡೆ ಬದು ಹಾಕಿದರೆ ನೀರು ನಿಲ್ಲುವ ಹಾಗೆ, ಗ್ಯಾಲಿಯಂ ಆರ್ಸೆನೈಡಿನ ತೆಳು ಪದರದ ಮೇಲೂ ಕೆಳಗೂ ಬೇರೊಂದು ಅರೆವಾಹಕದ ಪದರ ಇಟ್ಟರೆ ಎಲೆಕ್ಟ್ರಾನುಗಳೂ ಬೆಳಕೂ ನಡುವೆಯೇ ಉಳಿಯುತ್ತವೆ, ಪೋಲಾಗುವುದಿಲ್ಲ ಎಂಬುದು ಆ ಉಪಾಯ. ಕ್ರೋಮರ್ ಅವರ ಲೇಖನವನ್ನು ಮೊದಲ ಪತ್ರಿಕೆ ತಿರಸ್ಕರಿಸಿತು. ಇದರಿಂದ ಪ್ರಯೋಜನವಿಲ್ಲವೆಂದು ಅವರ ಕಂಪನಿಯೂ ಕೆಲಸಕ್ಕೆ ಹಣ ಕೊಡಲಿಲ್ಲ. ಮೂವತ್ತೇಳು ವರ್ಷಗಳ ನಂತರ, 2000ನೇ ಇಸವಿಯಲ್ಲಿ, ಇದೇ ಕೆಲಸಕ್ಕೆ ಕ್ರೋಮರ್ ಮತ್ತು ಅಲ್ಫೆರೋವ್ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು.

ಹೇಳಿದ್ದನ್ನು ಮಾಡಿ ತೋರಿಸಲು ಏಳು ವರ್ಷ ಹಿಡಿಯಿತು. ಒಂದರ ಮೇಲೊಂದು ಬೆಳೆಸುವ ಪದರಗಳ ಹರಳುಗಳು ಅಚ್ಚಿಗೆ ಅಚ್ಚು ಹೊಂದಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಬಿರುಕು. ಅಲ್ಯೂಮಿನಿಯಂ ಬೆರೆಸಿದ ಗ್ಯಾಲಿಯಂ ಆರ್ಸೆನೈಡ್ ಹೀಗೆ ಹೊಂದುತ್ತದೆ ಎಂದು ತಿಳಿದ ಮೇಲೆ ಕೆಲಸ ಓಡಿತು. 1970ರ ಮೇ ತಿಂಗಳಲ್ಲಿ ಅಲ್ಫೆರೋವ್ ತಂಡ, ಕೆಲವೇ ವಾರಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್, ಕೋಣೆಯ ಬಿಸಿಯಲ್ಲೇ ನಿರಂತರವಾಗಿ ಬೆಳಗುವ ಲೇಸರ್ ಡಯೋಡ್ ಸಾಧಿಸಿದರು. ಹೊಸ್ತಿಲು ಚದರ ಸೆಂಟಿಮೀಟರಿಗೆ ಒಂದೆರಡು ಸಾವಿರ ಆಂಪಿಯರಿಗೆ ಇಳಿದಿತ್ತು. ಪ್ರವಾಹವನ್ನು ಹರಳಿನ ನಡುವಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಹರಿಸುವ ವಿಧಾನವೂ ಸೇರಿದ ಮೇಲೆ ಒಟ್ಟು ಪ್ರವಾಹ ಮಿಲಿಆಂಪಿಯರಿನ ಲೆಕ್ಕಕ್ಕೆ ಬಂತು. ಬೆಳಕನ್ನು ಬಹುದೂರ ಸಾಗಿಸಬಲ್ಲ ಗಾಜಿನ ಎಳೆಯನ್ನು ಅಮೆರಿಕದ ಕಾರ್ನಿಂಗ್ ಕಂಪನಿ ಮಾಡಿ ತೋರಿಸಿದ್ದೂ ಅದೇ 1970ರಲ್ಲಿ. ಇವತ್ತು ಪಂಚಾಯಿತಿ ಕಚೇರಿಯ ಇಂಟರ್ನೆಟ್ ನಡೆಯುವುದು ಈ ಎರಡರ ಜೋಡಿಯಿಂದ.

ಮೊದಮೊದಲು ಗಂಟೆಗಳ ಲೆಕ್ಕದಲ್ಲಿ ಬಾಳುತ್ತಿದ್ದ ಡಯೋಡುಗಳು ಆ ದಶಕ ಮುಗಿಯುವಷ್ಟರಲ್ಲಿ ವರ್ಷಗಟ್ಟಲೆ ಬಾಳತೊಡಗಿದವು. 1982ರ ಅಕ್ಟೋಬರ್‌ನಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಸಿಡಿ ಪ್ಲೇಯರ್ ಮಾರಾಟಕ್ಕಿಟ್ಟಿತು. ಲೇಸರ್ ಡಯೋಡ್ ಮನೆ ಮನೆ ಹೊಕ್ಕಿದ್ದು ಆಗ. ಸಿಡಿಗೆ 780 ನ್ಯಾನೋಮೀಟರಿನ ಅವಕೆಂಪು, ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು, ಬ್ಲೂ-ರೇಗೆ 405 ನ್ಯಾನೋಮೀಟರಿನ ನೇರಳೆ. ಕೋಟಿಗಟ್ಟಲೆ ತಯಾರಾದಾಗ ಬೆಲೆ ಇಳಿಯಿತು, ಜಾತ್ರೆಯ ಅಂಗಡಿಗೂ ಬಂತು. ಇವತ್ತಿನ 5 ಮಿಲಿವ್ಯಾಟಿನ ಕೆಂಪು ಡಯೋಡಿಗೆ ಸಾಕಾಗುವುದು ಸುಮಾರು 30 ಮಿಲಿಆಂಪಿಯರ್. ಹಾಲ್ ಅವರ 14 ಆಂಪಿಯರಿಗೆ ಹೋಲಿಸಿದರೆ ನಾನೂರು ಪಟ್ಟಿಗೂ ಕಡಿಮೆ.

ಡಯೋಡ್ ಯಾಕೆ ಸಾಯುತ್ತದೆ?

ಈಗ ಆ ಫಳ್ಳನೆ ಹೊಳೆದು ಮಂಕಾದ ಡಯೋಡಿನ ವಿಚಾರ. ಲೇಸರ್ ಹೊರಡುವ ಕಿಂಡಿ ಒಂದು ಮೈಕ್ರಾನ್ ಎತ್ತರ, ಮೂರು ಮೈಕ್ರಾನ್ ಅಗಲದಷ್ಟು ಎಂದಿಟ್ಟುಕೊಳ್ಳಿ. ಅದರೊಳಗಿಂದ 5 ಮಿಲಿವ್ಯಾಟ್ ಹೊರಡುವಾಗ ಚದರ ಸೆಂಟಿಮೀಟರಿಗೆ ಒಂದು ಲಕ್ಷ ವ್ಯಾಟಿಗೂ ಹೆಚ್ಚಾಯಿತು. ನಡುಮಧ್ಯಾಹ್ನದ ಬಿಸಿಲಿಗಿಂತ ಹತ್ತು ಲಕ್ಷ ಪಟ್ಟಿಗೂ ಮೀರಿದ ದಟ್ಟಣೆ. ಪ್ರವಾಹ ಹೆಚ್ಚಾದರೆ ಬೆಳಕು ಹೆಚ್ಚುತ್ತದೆ, ಒಂದು ಹಂತದಲ್ಲಿ ಡಯೋಡಿನ ಸ್ವಂತ ಬೆಳಕೇ ಅದರ ಮುಖವನ್ನು ಕರಗಿಸಿಬಿಡುತ್ತದೆ. ಇದಕ್ಕೆ ಒಂದು ಕ್ಷಣವೂ ಬೇಡ, ಮೈಕ್ರೋಸೆಕೆಂಡು ಸಾಕು. ಮುಖ ಹೋದ ಮೇಲೆ ಕನ್ನಡಿ ಇಲ್ಲ, ಕನ್ನಡಿ ಇಲ್ಲದೆ ಲೇಸರ್ ಇಲ್ಲ. ಉಳಿಯುವುದು ಮಂಕು ಎಲ್‌ಇಡಿ.

ವೋಲ್ಟೇಜನ್ನು ಸರಿಯಾಗಿ ಕೊಟ್ಟರೆ ಸಾಲದೇ? ಸಾಲದು. ರೋಧಕದಲ್ಲಿ ವೋಲ್ಟೇಜ್ ಹತ್ತು ಪಾಲು ಏರಿದರೆ ಪ್ರವಾಹವೂ ಹತ್ತು ಪಾಲು ಏರುತ್ತದೆ. ಡಯೋಡ್ ಓಮ್‌ನ ನಿಯಮಕ್ಕೆ ಬಗ್ಗುವುದಿಲ್ಲ. ಕೆಂಪು ಡಯೋಡ್ ಸುಮಾರು 2.3 ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿಂದ ವೋಲ್ಟಿನ ಹತ್ತನೇ ಒಂದೆರಡು ಪಾಲು ಏರಿಸಿದರೂ ಪ್ರವಾಹ ಜಿಗಿದುಬಿಡುತ್ತದೆ. ಮೇಲಾಗಿ ಡಯೋಡ್ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜನ್ನು ಬಿಗಿ ಹಿಡಿದರೆ ಪ್ರವಾಹ ಏರುತ್ತದೆ, ಅದರಿಂದ ಮತ್ತಷ್ಟು ಬಿಸಿ, ಮತ್ತಷ್ಟು ಪ್ರವಾಹ.

ಇನ್ನೊಂದು ಸೂಕ್ಷ್ಮವಿದೆ. ಬಿಸಿ ಏರಿದಂತೆ ಹೊಸ್ತಿಲೂ ಏರುವುದರಿಂದ, ಅದೇ ಪ್ರವಾಹಕ್ಕೆ ಬೆಳಕು ಕಡಿಮೆಯಾಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಬೆಳಕು ಸಾಲದೆಂದು ಪ್ರವಾಹ ಏರಿಸಿಟ್ಟರೆ, ಮರುದಿನ ಬೆಳಗಿನ ಚಳಿಯಲ್ಲಿ ಅದೇ ಪ್ರವಾಹ ಅಳತೆ ಮೀರಿದ ಬೆಳಕು ಕೊಟ್ಟು ಡಯೋಡನ್ನು ಮುಗಿಸಬಹುದು. ಅನೇಕ ಡಯೋಡುಗಳಿಗೆ ಮೂರು ಕಾಲುಗಳಿರುವುದು ಇದಕ್ಕೇ. ಒಳಗೇ ಕುಳಿತ ಫೋಟೋಡಯೋಡ್ ಬೆಳಕನ್ನು ಅಳೆದು ಹೇಳುತ್ತದೆ, ಚಾಲಕ ಮಂಡಲ ಅದಕ್ಕೆ ತಕ್ಕಂತೆ ಪ್ರವಾಹವನ್ನು ಏರಿಳಿಸುತ್ತದೆ.

ಬ್ಯಾಟರಿಯ ಲೆಕ್ಕ

ಲೆಕ್ಕ ಶುರುವಾಗಬೇಕಾದದ್ದು ಡಯೋಡಿನ ಡೇಟಾಶೀಟಿನಿಂದ. ಅದರಲ್ಲಿ ಹೊಸ್ತಿಲ ಪ್ರವಾಹ, ಕೆಲಸದ ಪ್ರವಾಹ, ಗರಿಷ್ಠ ಮಿತಿ ಮೂರೂ ಇರುತ್ತವೆ. ಗರಿಷ್ಠಕ್ಕೆ ಹೋಗದೆ ಕೆಲಸದ ಪ್ರವಾಹದಷ್ಟೇ, ಅಥವಾ ಅದಕ್ಕಿಂತ ತುಸು ಕಡಿಮೆ ಆರಿಸಬೇಕು. ಉದಾಹರಣೆಗೆ 30 ಮಿಲಿಆಂಪಿಯರ್, 2.3 ವೋಲ್ಟಿನ ಡಯೋಡ್ ಎನ್ನಿ. ಬ್ಯಾಟರಿಯ ವೋಲ್ಟೇಜಿನಿಂದ 2.3 ಕಳೆದು, 0.030ರಿಂದ ಭಾಗಿಸಿದರೆ ಡಯೋಡಿನ ಸರಣಿಯಲ್ಲಿ ಹಾಕಬೇಕಾದ ರೋಧ ಸಿಗುತ್ತದೆ.

ಎರಡು ಸೆಲ್ಲು, ಅಂದರೆ 3 ವೋಲ್ಟ್ ಆದರೆ ಬರುವ ಉತ್ತರ ಸುಮಾರು 23 ಓಮ್. ಆದರೆ ಹೊಸ ಆಲ್ಕಲೈನ್ ಸೆಲ್ಲು 1.5 ಅಲ್ಲ, 1.6 ವೋಲ್ಟ್ ಕೊಡುತ್ತದೆ. ಎರಡಕ್ಕೆ 3.2 ಆಯಿತು. ಆಗ ಹರಿಯುವುದು 39 ಮಿಲಿಆಂಪಿಯರ್! ಬರೀ 0.2 ವೋಲ್ಟಿನ ವ್ಯತ್ಯಾಸ ಪ್ರವಾಹವನ್ನು ಮೂವತ್ತು ಪಾಲು ಏರಿಸಿತು. ಓಮ್ ಮೇಷ್ಟ್ರು ಬ್ಯಾಟರಿಯನ್ನು ನಂಬದೆ ಇದ್ದದ್ದು ಇದೇ ಕಾರಣಕ್ಕೆ. ಮೂರು ಸೆಲ್ಲಿಗೆ ಹೊಸದರ ಲೆಕ್ಕ, 4.8 ವೋಲ್ಟನ್ನೇ ಹಿಡಿದು 82 ಓಮ್ ಹಾಕಿದರೆ, ಹೊಸ ಸೆಲ್ಲಿನಲ್ಲಿ 30, ಸೆಲ್ಲು 1.5ಕ್ಕೆ ಇಳಿದಾಗ 27 ಮಿಲಿಆಂಪಿಯರ್. ಏರಿಳಿತ ಹತೋಟಿಗೆ ಬಂತು.

ಆದ್ದರಿಂದ "ಕಡಿಮೆ ವೋಲ್ಟಿನ ಬ್ಯಾಟರಿಯೇ ಸುರಕ್ಷಿತ" ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ತುಂಬಿದ ಕೆರೆಯ ಕಿರಿದಾದ ತೂಬಿನಲ್ಲಿ, ನೀರಿನ ಮಟ್ಟ ಒಂದು ಗೇಣು ಏರಿದರೂ ಹರಿವು ಅಷ್ಟಾಗಿ ಬದಲಾಗುವುದಿಲ್ಲ. ಬತ್ತಿದ ಕೆರೆಯ ಅಗಲ ತೂಬಿನಲ್ಲಿ ಅದೇ ಒಂದು ಗೇಣು ದೊಡ್ಡ ವ್ಯತ್ಯಾಸ ಮಾಡುತ್ತದೆ. ಹಾಗೆಯೇ ಬ್ಯಾಟರಿಯ ವೋಲ್ಟೇಜ್ ಡಯೋಡಿನದಕ್ಕಿಂತ ಸಾಕಷ್ಟು ಮೇಲಿದ್ದು, ತಕ್ಕ ರೋಧಕ ನಡುವೆ ಇದ್ದರೆ ಪ್ರವಾಹ ಹೆಚ್ಚು ಸ್ಥಿರ. ಮಿಕ್ಕ ಶಕ್ತಿ ರೋಧಕದಲ್ಲಿ ಬಿಸಿಯಾಗಿ ಪೋಲಾಗುತ್ತದೆ, ಅದು ಈ ಭದ್ರತೆಗೆ ತೆರುವ ಬೆಲೆ. ರೋಧಕವಿಲ್ಲದೆ ನೇರ ಜೋಡಿಸಿದರೆ ಮಾತ್ರ ಯಾವ ಬ್ಯಾಟರಿಯೂ ಸುರಕ್ಷಿತವಲ್ಲ. ಜಾತ್ರೆಯ ಟಾರ್ಚು ಪುಟ್ಟ ಗುಂಡಿ ಸೆಲ್ಲುಗಳಿಂದ ನಡೆಯುತ್ತದೆ, ಆ ಸೆಲ್ಲುಗಳ ಒಳರೋಧವೂ ಪ್ರವಾಹಕ್ಕೆ ಕಡಿವಾಣ. ಅದನ್ನು ಬಿಚ್ಚಿ ದೊಡ್ಡ ಸೆಲ್ಲಿಗೆ ಜೋಡಿಸಿದಾಗ ಆ ಕಡಿವಾಣ ಕಳಚಿಬೀಳುತ್ತದೆ.

ಇನ್ನೂ ಭದ್ರವಾದ ದಾರಿ ಬೇಕೆಂದರೆ ಎಲ್‌ಎಂ317 ಎಂಬ ಮೂರು ಕಾಲಿನ ಐಸಿ ಇದೆ. 1976ರಲ್ಲಿ ಬಾಬ್ ಡಾಬ್ಕಿನ್ ವಿನ್ಯಾಸ ಮಾಡಿದ ಇದು ಇಂದಿಗೂ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಸದಾ 1.25 ವೋಲ್ಟ್ ಇರುತ್ತದೆ. ಅಲ್ಲಿ 43 ಓಮ್ ರೋಧಕ ಹಾಕಿ ಅಡ್ಜಸ್ಟ್ ಕಾಲಿನಿಂದ ಡಯೋಡಿಗೆ ಕೊಟ್ಟರೆ, ಹರಿಯುವ ಪ್ರವಾಹ 29 ಮಿಲಿಆಂಪಿಯರ್. ಬ್ಯಾಟರಿ 9 ಇರಲಿ, 8 ಇರಲಿ, ಅದು ಕದಲುವುದಿಲ್ಲ. ಐಸಿ ತನ್ನ ಪಾಲಿಗೆ ಒಂದೆರಡು ವೋಲ್ಟ್ ಇಟ್ಟುಕೊಳ್ಳುವುದರಿಂದ 9 ವೋಲ್ಟಿನ ಬ್ಯಾಟರಿ ಒಳ್ಳೆಯದು. ಡಯೋಡ್ ಜೋಡಿಸುವ ಮೊದಲು ಅದರ ಜಾಗದಲ್ಲಿ ಮೂರು ಸಾದಾ ಸಿಲಿಕಾನ್ ಡಯೋಡುಗಳನ್ನೂ ಒಂದು 10 ಓಮ್ ರೋಧಕವನ್ನೂ ಸರಣಿಯಲ್ಲಿ ಹಾಕಿ, ಆ ರೋಧಕದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. 290 ಮಿಲಿವೋಲ್ಟ್ ತೋರಿಸಿದರೆ 29 ಮಿಲಿಆಂಪಿಯರ್ ಸರಿಯಾಗಿದೆ ಎಂದರ್ಥ. ಬ್ಯಾಟರಿ ಕಳಚಿದ ಮೇಲೆಯೇ ಲೇಸರ್ ಡಯೋಡ್ ಕೂರಿಸಬೇಕು.

ಡಯೋಡಿಗಿಂತ ಕಣ್ಣು ದೊಡ್ಡದು

ಡಯೋಡ್ ಹೋದರೆ ಇನ್ನೊಂದು ಕೊಳ್ಳಬಹುದು. ಕಣ್ಣು ಹಾಗಲ್ಲ. ಕಣ್ಣಿನ ಮಸೂರ ಒಳಗೆ ಬಂದ ಲೇಸರನ್ನು ಅಕ್ಷಿಪಟದ ಮೇಲೆ ಚುಕ್ಕಿಯಾಗಿ ಒಟ್ಟುಗೂಡಿಸುತ್ತದೆ, ಅದರ ದಟ್ಟಣೆ ಲಕ್ಷ ಪಟ್ಟಿನವರೆಗೂ ಏರಬಹುದು. ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ 2ನೇ ವರ್ಗಕ್ಕೆ ಸೇರಿದ ಕಾಣುವ ಲೇಸರಿಗೆ 1 ಮಿಲಿವ್ಯಾಟ್ ಮಿತಿ ಇಟ್ಟಿರುವುದು, ರೆಪ್ಪೆ ತಾನಾಗಿ ಮುಚ್ಚುವ ಕಾಲು ಸೆಕೆಂಡಿನೊಳಗೆ ಅಪಾಯವಾಗದಿರಲಿ ಎಂದು. ಹಾಗೆಂದು ಬೇಕೆಂದೇ ದಿಟ್ಟಿಸಿ ನೋಡಿದರೆ ಅದೂ ಕೇಡೇ. ಡಿವಿಡಿ ಬರೆಯುವ ಯಂತ್ರದಿಂದ ತೆಗೆದ ಡಯೋಡುಗಳು ನೂರು ಮಿಲಿವ್ಯಾಟ್ ದಾಟುತ್ತವೆ. ಅದರಲ್ಲಿ ಸಿಡಿಗಾಗಿ ಇರುವ ಅವಕೆಂಪು ಡಯೋಡಿನ ಬೆಳಕು ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಆದ್ದರಿಂದ ರೆಪ್ಪೆ ಮುಚ್ಚುವ ರಕ್ಷಣೆಯೂ ಇಲ್ಲ. ಹಳೆಯ ಯಂತ್ರ ಬಿಚ್ಚಿ ಇಂಥ ಡಯೋಡ್ ಬೆಳಗಿಸುವ ಆಟ ಶಾಲೆಯ ಮಕ್ಕಳಿಗೆ ಖಂಡಿತ ಬೇಡ.

ಕಳ್ಳಗಂಟೆಯಂಥ ಮಾದರಿಗಳಿಗೆ 2ನೇ ವರ್ಗ, 1 ಮಿಲಿವ್ಯಾಟ್ ಎಂದು ನಮೂದಿಸಿರುವ, ಪ್ರವಾಹ ನಿಯಂತ್ರಣ ಒಳಗೇ ಇರುವ ಸಿದ್ಧ ಮಾಡ್ಯೂಲ್ ಧಾರಾಳವಾಗಿ ಸಾಕು. ಅದಕ್ಕೆ ಅದರ ಮೇಲೆ ಬರೆದಷ್ಟೇ ವೋಲ್ಟೇಜ್ ಕೊಡಬೇಕು. ಕಿರಣ ಮಕ್ಕಳ ಕಣ್ಣಿನ ಮಟ್ಟಕ್ಕೆ ಬಾರದಂತೆ ಮೊಣಕಾಲಿನ ಎತ್ತರದಲ್ಲಿ ಹಾಯಿಸಬೇಕು. ಎದುರಿಗೆ ಕನ್ನಡಿ, ಸ್ಟೀಲ್ ತಟ್ಟೆ ಇರಬಾರದು. ಕೊನೆಗೆ ಒಂದು ಮಂಕು ಬಣ್ಣದ ರಟ್ಟು ಕಿರಣವನ್ನು ತಡೆಯಬೇಕು. ಜಾತ್ರೆಯಲ್ಲಿ ಲೇಸರ್ ಟಾರ್ಚು ಕೊಡಿಸುವ ತಂದೆ ತಾಯಂದಿರು, ಅದನ್ನು ಯಾರ ಮುಖಕ್ಕೂ, ಗಾಡಿ ಓಡಿಸುವವರ ಕಡೆಗೂ ಹಿಡಿಯಬಾರದು ಎಂದು ಹೇಳಿಯೇ ಕೊಡಿಸಬೇಕು.

ಒಂದು ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರೊಬ್ಬರು ಕಂಡುಕೊಂಡ ನಿಯಮ, ಎಳೆಯ ವಯಸ್ಸಿನಲ್ಲಿ ಕನ್ನಡಿ ಉಜ್ಜಲು ಕಲಿತ ಹವ್ಯಾಸಿಯೊಬ್ಬರ ಕೈಚಳಕ, ಉಪಯೋಗವಿಲ್ಲವೆಂದು ತಿರಸ್ಕೃತವಾದ ಒಂದು ಯೋಚನೆ. ಲೇಸರ್ ಡಯೋಡಿನ ಹಿಂದೆ ಇರುವುದು ಇವು. ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಒಂದು ಮಲ್ಟಿಮೀಟರ್, ಒಂದು ಹಿಡಿ ರೋಧಕಗಳು, ಪಕ್ಕದಲ್ಲಿ ನಿಂತು ಹೇಳಿಕೊಡುವ ಗುರುಗಳು ಇದ್ದರೆ, ಮಕ್ಕಳು ಲೇಸರನ್ನು ಹೆದರದೆ, ಆದರೆ ಲೆಕ್ಕ ಹಾಕಿ ಬೆಳಗಿಸಬಲ್ಲರು. ಮುಂದಿನ ಐವತ್ತು ವರ್ಷ ನಮ್ಮ ಶಾಲೆಯ ವಸ್ತುಪ್ರದರ್ಶನಗಳಲ್ಲಿ "ಎಷ್ಟು ವೋಲ್ಟ್?" ಎನ್ನುವ ಮೊದಲು "ಎಷ್ಟು ಮಿಲಿಆಂಪಿಯರ್?" ಎಂದು ಕೇಳುವ ಮಕ್ಕಳು ಹೆಚ್ಚಲಿ ಎಂದು ಹಾರೈಸುತ್ತೇನೆ.